ಡ್ರಾಮಾ ಟ್ರಂಕಿನ ಬಲೆ

ಹಿರಿಯೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುಮಿತ್ರಾ ಟೀಚರ್ ಮನೆ ಎಲ್ಲಿ ಎಂದು ಕೇಳಿದರೆ ಚಿಕ್ಕ ಮಕ್ಕಳೂ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತಿದ್ದವು. ವಾರದ ಆರು ದಿನ ಆಕೆ ಟೈಲರ್. ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿದೇ ಸಂಸಾರ ನಡೆದಿತ್ತು. ಭಾನುವಾರ ಒಂದು ದಿನ, ಅದೂ ಬೆಳಿಗ್ಗೆ ಒಂದೂವರೆ ಗಂಟೆ ಹೊತ್ತು, ಚರ್ಚಿನ ಪಕ್ಕದ ಶೀಟಿನ ಕೋಣೆಯಲ್ಲಿ ಸಂಡೇ ಸ್ಕೂಲ್ ಟೀಚರ್. ಆದರೂ ಊರಿಗೆ ಆಕೆ ಟೀಚರೇ. ಯಾರಾದರೂ ಗೊತ್ತಿಲ್ಲದೆ ಟೈಲರಮ್ಮ ಎಂದರೆ ಮುಖ ಸಣ್ಣದು ಮಾಡಿಕೊಂಡು ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆದಿಟ್ಟುಬಿಡುತ್ತಿದ್ದಳು.

ಪಾಠ ಹೇಳುವುದರಲ್ಲಿ ಆಕೆಯದೇ ಒಂದು ದಾರಿ. ಪ್ರತಿ ಜೂನ್ ತಿಂಗಳಲ್ಲಿ, ಹೊಸ ಮಕ್ಕಳು ಸೇರಿದ ಮೊದಲ ಭಾನುವಾರ, ತನ್ನ ಹೊಲಿಗೆ ಅಂಗಡಿಯ ಕೈಗನ್ನಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಒಂದೊಂದೇ ಮಗುವಿನ ಮುಂದೆ ಅದನ್ನು ಹಿಡಿದು, "ಈ ಮುಖ ಮಾಡಿದ್ದು ಯಾರು?" ಎನ್ನುವಳು. "ದೇವರು!" ಎಂದು ಕೋಣೆಯೆಲ್ಲ ಕೂಗುತ್ತಿತ್ತು. "ಇದರ ಬೆಲೆ ಎಷ್ಟು?" "ಬೆಲೆ ಕಟ್ಟಾಕಾಗಲ್ಲ ಟೀಚರ್!" ಆ ಮಾತನ್ನು ಆಕೆ ನಂಬಿಯೇ ಹೇಳಿಸುತ್ತಿದ್ದಳು. ನಂಬಿದವರೇ ದೊಡ್ಡ ತಪ್ಪು ಮಾಡುವುದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಆಕೆಯ ನಿಜವಾದ ಕೀರ್ತಿ ಇದ್ದದ್ದು ಡಿಸೆಂಬರಿನ ನಾಟಕದಲ್ಲಿ. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಪ್ರತಿ ವರ್ಷ ಅದೇ ನಾಟಕ. ದಾರಿಹೋಕನೊಬ್ಬನನ್ನು ಕಳ್ಳರು ಹೊಡೆದು, ದೋಚಿ, ರಸ್ತೆಬದಿ ಬಿಸಾಡುತ್ತಾರೆ. ಪೂಜಾರಿ ನೋಡಿಯೂ ನೋಡದಂತೆ ಹೋಗುತ್ತಾನೆ. ಊರೆಲ್ಲ ಹಳಿಯುವ ಪರಜಾತಿಯವನೊಬ್ಬ ಬಂದು ಗಾಯ ತೊಳೆದು, ತನ್ನ ಕತ್ತೆಯ ಮೇಲೆ ಕೂರಿಸಿಕೊಂಡು ಹೋಗುತ್ತಾನೆ. ಹೊಸದುರ್ಗ, ಹೊಳಲ್ಕೆರೆಯ ಚರ್ಚುಗಳಿಂದಲೂ ಜನ ವ್ಯಾನು ಮಾಡಿಕೊಂಡು ಬರುತ್ತಿದ್ದರು. ಬರುತ್ತಿದ್ದದ್ದು ಕತ್ತೆಗೂ ಅಲ್ಲ, ಕರುಣೆಗೂ ಅಲ್ಲ. ಕಳ್ಳರ ಪಾರ್ಟು ನೋಡಲು.

ಸುಮಿತ್ರಾ ಟೀಚರಿನ ಕಳ್ಳರು ಹಕ್ಕಿಪಿಕ್ಕಿಯವರ ವೇಷದಲ್ಲಿ ಬರುತ್ತಿದ್ದರು. ಹಕ್ಕಿ ಹಿಡಿದು, ಪಿನ್ನು, ಮಣಿಸರ ಮಾರಿಕೊಂಡು, ಊರಾಚೆ ಗುಡಾರದಲ್ಲಿ ಇರುವ ಆ ಜನರನ್ನು ಹಿರಿಯೂರಿನ ಪ್ರತಿ ಮಗುವೂ ಕಂಡಿತ್ತು. ಕೊರಳ ತುಂಬ ಮಣಿಸರ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬಲೆ. ಅವರ ಹಾಗೆ ಕುಕ್ಕರಗಾಲಿನಲ್ಲಿ ನಡೆಯುವುದನ್ನು, ಅವರ ಹಾಗೆ ಕನ್ನಡವನ್ನು ಮುರಿದು ಮುರಿದು ಆಡುವುದನ್ನು ಆಕೆಯೇ ಕಲಿಸುತ್ತಿದ್ದಳು. ಮಕ್ಕಳು "ಪಿನ್ನಾ, ಸೂಜೀ" ಎಂದು ಕೂಗುತ್ತ ಬಂದರೆ ಜನ ಶಿಳ್ಳೆ ಹಾಕಿ ನಗುತ್ತಿದ್ದರು. ಪರಜಾತಿಯವನನ್ನು ಗೌರವಿಸು ಎಂದು ಹೇಳುವ ನಾಟಕದಲ್ಲಿ ಕಳ್ಳರಿಗೆ ಒಂದು ಜಾತಿಯ ಬಟ್ಟೆ ತೊಡಿಸಿದ್ದೇನೆಂದು ಆಕೆಗೆ ಹನ್ನೊಂದು ವರ್ಷ ಹೊಳೆಯಲೇ ಇಲ್ಲ. ಚರ್ಚಿನ ಪಾದ್ರಿ ಅಯ್ಯನವರಿಗೂ ಹೊಳೆಯಲಿಲ್ಲ, ಅವರು ಮುಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ವೇಷ ಶುರುವಾದದ್ದು ಒಂದು ಬಲೆಯಿಂದ. ಆಕೆಯ ಗಂಡ ಜೀವರತ್ನ ಪೊಲೀಸ್ ಕಾನ್‌ಸ್ಟೇಬಲ್. ಮಾತು ಕಡಿಮೆ, ಮೀಸೆ ಜಾಸ್ತಿ. ಯೂನಿಫಾರಮಿನ ಕಾಲರಿನೊಳಗೆ ಬೆಳ್ಳಿಯ ಶಿಲುಬೆ ಇರುವ ಚೈನು. ೧೯೯೧ರಲ್ಲಿ ಒಂದು ದಿನ ಆತ ಡ್ಯೂಟಿಯಿಂದ ಬರುವಾಗ ಗೋಣಿಚೀಲವೊಂದನ್ನು ತಂದು ಪಡಸಾಲೆಯಲ್ಲಿ ಇಟ್ಟ. ಒಳಗೆ ಹಕ್ಕಿ ಹಿಡಿಯುವ ಬಲೆ, ಮಣಿ ಪೋಣಿಸಿದ ಜೋಳಿಗೆ.

"ಸ್ಟೇಷನ್ ಕ್ಲೀನ್ ಮಾಡ್ತಿದ್ರು, ಬಿಸಾಕ್ತಿದ್ರು. ನಿನ್ ಡ್ರಾಮಾಕ್ಕೆ ಆಗ್ತೈತೇನೋ ನೋಡು" ಎಂದ.

ಆಕೆಗೆ ಹಬ್ಬವಾಯಿತು. ಒಂದು ಕಡೆ ಹರಿದಿದ್ದನ್ನು ನೈಲಾನ್ ದಾರದಿಂದ ತಾನೇ ನೇಯ್ದು ಸರಿಮಾಡಿ ಡ್ರಾಮಾ ಟ್ರಂಕಿನಲ್ಲಿ ಮಡಿಸಿಟ್ಟಳು. ಇಲಿ ಕಡಿಯದಂತೆ ನುಸಿಗುಳಿಗೆ ಹಾಕಿದಳು. ಆ ವರ್ಷದ ನಾಟಕ ನೋಡಿ ಊರೇ ಹೊಗಳಿತು. ಜೀವರತ್ನ ಮಾತ್ರ ನೋಡಲಿಲ್ಲ. ಕಳ್ಳರು ಬರುವ ಹೊತ್ತಿಗೆ ಎದ್ದು ಗೇಟಿನಾಚೆ ಹೋಗಿ ಬೀಡಿ ಹಚ್ಚಿ ನಿಂತ. ಮರುವರ್ಷವೂ ಹಾಗೇ. ಆಮೇಲೆ ಪ್ರತಿ ಡಿಸೆಂಬರಿನಲ್ಲೂ ಆ ದಿನಕ್ಕೇ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ. "ಊರಿಗೆಲ್ಲ ಬೇಕು ನನ್ನ ನಾಟಕ, ನಿಮಗೊಬ್ರಿಗೆ ಬ್ಯಾಡ" ಎಂದು ಆಕೆ ಎಷ್ಟೋ ಸಲ ಸಿಡುಕಿದ್ದಳು. ಆತ ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದ. ೧೯೯೯ರಲ್ಲಿ ಎದೆನೋವು ಬಂದು ಚಿತ್ರದುರ್ಗದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಆಕೆ ಆತನ ನೆನಪಿಗೆ ಸಂಡೇ ಸ್ಕೂಲಿಗೆ ಒಂದು ತೇಗದ ಬೆಂಚು ಮಾಡಿಸಿಕೊಟ್ಟು, ಬೆನ್ನಿಗೆ ಹಳದಿ ಬಣ್ಣದಲ್ಲಿ ಆತನ ಹೆಸರು ಬರೆಸಿದಳು.

ದುರ್ಗಿ ಬಂದದ್ದು ೨೦೦೨ರ ಜೂನಿನಲ್ಲಿ. ಒಂಬತ್ತು ವರ್ಷದ ಹುಡುಗಿ. ದುರ್ಗದ ಆಸ್ಪತ್ರೆಯಲ್ಲಿ ಹುಟ್ಟಿದಳೆಂದು ದುರ್ಗಿ. ಅಪ್ಪ ಅವ್ವ ಊರೂರು ತಿರುಗಿ ಪ್ಲಾಸ್ಟಿಕ್ ಹೂವು ಮಾರುತ್ತಿದ್ದರು. ಹುಡುಗಿ ಅಜ್ಜಿ ಸೋನಾಬಾಯಿಯ ಜೊತೆ ಆದಿವಾಲದ ದಾರಿಯ ಗುಡಾರದಲ್ಲಿ ಇದ್ದಳು. ಸೋನಾಬಾಯಿ ಭಾನುವಾರ ಚರ್ಚಿನ ಬೀದಿಯಲ್ಲಿ ಪಿನ್ನು ಮಾರಲು ಬಂದಾಗ ಮಕ್ಕಳ ಹಾಡು ಕೇಳಿ ದುರ್ಗಿ ಕಿಟಕಿಯ ಸರಳಿಗೆ ಜೋತುಬೀಳುತ್ತಿದ್ದಳು. ಎರಡು ವಾರ ನೋಡಿದ ಸುಮಿತ್ರಾ ಮೂರನೆಯ ವಾರ ಆಕೆಯನ್ನು ಒಳಗೆ ಕರೆದು ಆ ತೇಗದ ಬೆಂಚಿನ ಮೇಲೇ ಕೂರಿಸಿದಳು. ಕನ್ನಡಿ ಹಿಡಿದಳು. ದುರ್ಗಿ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ನಕ್ಕಳು.

ಗಲಾಟೆ ಆಯಿತು. ಎರಡು ಹೆಣ್ಣುಮಕ್ಕಳ ತಾಯಿ ಶೋಭಾರಾಣಿ ನೇರವಾಗಿ ಬಂದು, "ಟೀಚರ್, ತಲೆ ತುಂಬ ಹೇನೈತೆ ಅದಕ್ಕೆ. ನಮ್ ಮಕ್ಕಳ ಪಕ್ಕ ಕೂರಿಸ್ತೀರಲ್ರಿ?" ಎಂದಳು. ಸುಮಿತ್ರಾ ಬಿಡಲಿಲ್ಲ. "ಹೇನಿಗೆ ಔಷಧಿ ಐತೆ ಶೋಭಾ. ನಿನ್ ಮಾತಿಗೆ ಇಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿ, ತಾನೇ ದುರ್ಗಿಯ ತಲೆಗೆ ಬೇವಿನೆಣ್ಣೆ ಹಚ್ಚಿ ಬಾಚಿದಳು. ಆ ವಾರವಿಡೀ ತನ್ನ ಬಗ್ಗೆ ತಾನೇ ಬೀಗಿದಳು. ಬೀಗುವ ಹಕ್ಕು ಇದೆ ಎಂದೇ ಆಕೆಗೆ ಅನಿಸಿತ್ತು.

ನವೆಂಬರಿನಲ್ಲಿ ಪಾರ್ಟು ಹಂಚುವ ದಿನ ಬಂತು. ದುರ್ಗಿಗೆ ಕತ್ತೆಯ ಹಗ್ಗ ಹಿಡಿಯುವ ಪಾರ್ಟು ಕೊಡೋಣವೆಂದು ಸುಮಿತ್ರಾ ಯೋಚಿಸಿದ್ದಳು. ಟ್ರಂಕಿನಿಂದ ತೆಗೆದ ಬಲೆಯನ್ನು ಕಳ್ಳರ ಪಾರ್ಟಿನ ಹುಡುಗರು ಹಿಡಿದು ನಡೆದು ತೋರಿಸಿದಾಗ ದುರ್ಗಿಯ ಕಣ್ಣು ಅರಳಿತು.

"ಟೀಚರ್, ನಾನು ಕಳ್ಳ ಆಗ್ತೀನಿ."

"ನೀನ್ಯಾಕೆ ಕಳ್ಳ?"

"ಅದು ನಮ್ಮೋರ ಪಾರ್ಟು ಅಲ್ವಾ? ನಮ್ಮೋರ ತರ ಮಾಡಾಕೆ ನಂಗೆ ಚೆನ್ನಾಗಿ ಬರ್ತೈತೆ. ಇವ್ರು ಬಲೆ ಹಿಡಿಯಾದೇ ತಪ್ಪು."

ಸುಮಿತ್ರಾಳ ಎದೆಯೊಳಗೆ ಏನೋ ಧಸಕ್ ಎಂದಿತು. ಮುಖ ನೋಡಿದರೆ ಹುಡುಗಿ ನಗುತ್ತಿದ್ದಾಳೆ, ಬೇಸರದ ಗೆರೆಯೂ ಇಲ್ಲ. ಅಷ್ಟರಲ್ಲಿ ದುರ್ಗಿ ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಮೊಣಕೈಗೆ ಮಡಿಸಿಕೊಂಡು ಬೀಸಿದಳು. ಬಲೆ ಗಾಳಿಯಲ್ಲಿ ತಟ್ಟೆಯಂತೆ ಅಗಲವಾಗಿ ನೆಲಕ್ಕೆ ಕೂತಿತು. ಮಕ್ಕಳೆಲ್ಲ ಹೋ ಎಂದರು. ಇಷ್ಟು ವರ್ಷ ಬರೀ ಹೆಗಲ ಮೇಲೆ ಹೊತ್ತು ತಿರುಗಿದ ಬಲೆ ಅದೇ ಮೊದಲು ಬಲೆಯಾಗಿತ್ತು. ಸುಮಿತ್ರಾ ಆ ಧಸಕ್ ಅನ್ನು ಅಲ್ಲಿಗೇ ಮರೆತಳು. ನಾಟಕ ಚೆನ್ನಾಗಿ ಆಗಬೇಕೆಂಬ ಆಸೆ ಅಷ್ಟು ಕೆಟ್ಟದ್ದು.

ನಾಟಕದ ದಿನ ಸೋನಾಬಾಯಿ ಒಗೆದ ಸೀರೆ ಉಟ್ಟು ಬಂದಿದ್ದಳು. ಕುರ್ಚಿ ಖಾಲಿ ಇದ್ದರೂ ಕೂರದೆ ಶಾಮಿಯಾನದ ಕೊನೆಯ ಗೂಟದ ಬಳಿ ನೆಲದಲ್ಲಿ ಕೂತಳು. "ಅಲ್ಲೇ ಕುಂತ್ಕೊ ಅಜ್ಜಿ, ನಿನ್ ಮೊಮ್ಮಗಳೇ ಇವತ್ತು ಹೀರೋ" ಎಂದು ಸುಮಿತ್ರಾ ಓಡಾಟದ ನಡುವೆ ಹೇಳಿದಳು. ಕಳ್ಳರು ಬಂದರು. ಜನ ಶಿಳ್ಳೆ ಹಾಕಿದರು. ಮೊಮ್ಮಗಳನ್ನು ಕಂಡು ಸೋನಾಬಾಯಿಯೂ ಹಲ್ಲುಬಿಟ್ಟು ನಕ್ಕಳು. ದುರ್ಗಿ ದಾರಿಹೋಕನ ಮೇಲೆ ಬಲೆ ಬೀಸಿದಳು.

ಸೋನಾಬಾಯಿಯ ನಗು ಅಲ್ಲೇ ನಿಂತಿತು. ಎದ್ದಳು. ಜನರ ಕಾಲು, ಕುರ್ಚಿ ಎಲ್ಲ ದಾಟಿಕೊಂಡು ನೆಟ್ಟಗೆ ವೇದಿಕೆಗೆ ಹತ್ತಿದಳು. ಬಲೆಯೊಳಗಿದ್ದ ಹುಡುಗನ ಪಕ್ಕ ಮಂಡಿಯೂರಿ, ಬಲೆಯ ಅಂಚಿನ ಹಗ್ಗವನ್ನು ಬೆರಳಲ್ಲಿ ಸವರುತ್ತ ಸವರುತ್ತ ಹೋದಳು. ಒಂದು ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲಿ ಹಗ್ಗ ಕಪ್ಪಗೆ, ಬೇರೆ ಥರ ಇತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡು ಹಾಗೇ ಕೂತುಬಿಟ್ಟಳು.

ಜನ ಇದೂ ನಾಟಕವೆಂದುಕೊಂಡರು. ಚಪ್ಪಾಳೆ ಹೊಡೆದರು. ಜೋರಾಗಿ, ತುಂಬ ಹೊತ್ತು ಹೊಡೆದರು. ಆ ಚಪ್ಪಾಳೆಯ ಸದ್ದು ಸುಮಿತ್ರಾಳ ಕಿವಿಯಿಂದ ಸಾಯುವವರೆಗೂ ಹೋಗಲಿಲ್ಲ.

ಶೀಟಿನ ಕೋಣೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟಾಗ ಸೋನಾಬಾಯಿ ಕುಡಿಯಲಿಲ್ಲ. ಬಲೆ ತೊಡೆಯ ಮೇಲಿತ್ತು.

"ಟೀಚರಮ್ಮ, ಇದು ಎಲ್ಲಿ ಸಿಕ್ತು?"

"ಯಾಕಜ್ಜಿ? ಹಳೇದು, ಬಹಳ ವರ್ಷದ್ದು."

"ಇದು ನನ್ ಗಂಡ ಜಗ್ಗುದು. ನನ್ ಮಗಂಗೆ ಮೊದಲ್ನೇ ಸಲ ತಲೆ ಬೋಳಿಸಿದಾಗ ಆ ಕೂದ್ಲು ಬಿಸಾಕಬ್ಯಾಡ ಅಂದು ಈ ಹಗ್ಗದಾಗೆ ಸೇರಿಸಿ ಹೊಸೆದಿದ್ದ. ನೋಡಿ, ಇಲ್ಲೈತೆ. ಆ ಮಗನೇ ದುರ್ಗಿ ಅಪ್ಪ."

ಸುಮಿತ್ರಾ ಮುಟ್ಟಿ ನೋಡಿದಳು. ಹನ್ನೊಂದು ವರ್ಷ ತಾನೇ ಮಡಿಸಿ ತೆಗೆದಿಟ್ಟ ಹಗ್ಗದಲ್ಲಿ ಒಂದು ಮಗುವಿನ ಕೂದಲು.

ಸೋನಾಬಾಯಿ ಹೇಳಿದ್ದು ಹೆಚ್ಚೇನಿಲ್ಲ. ಹನ್ನೊಂದು ವರ್ಷದ ಹಿಂದೆ ಆದಿವಾಲದ ಕಡೆಯ ತೋಟದ ಮನೆಯೊಂದರಲ್ಲಿ ಕಳ್ಳತನವಾಗಿತ್ತು. ಗೌಜುಗ ಹಕ್ಕಿ ಹಿಡಿಯಲು ಹೊಲದಂಚಿಗೆ ಹೋಗಿದ್ದ ಜಗ್ಗುವನ್ನು ಬಲೆ, ಜೋಳಿಗೆ ಸಮೇತ ಜೀಪಿನಲ್ಲಿ ಹಾಕಿಕೊಂಡು ಹೋದರು. ಮೂರು ದಿನ ಇಟ್ಟುಕೊಂಡರು. ನಾಲ್ಕನೆಯ ದಿನ ರಸ್ತೆಬದಿ ಇಳಿಸಿ ಹೋದರು. ಎದ್ದು ನಿಲ್ಲಲಾಗದವನು ಒಂಬತ್ತು ದಿನಕ್ಕೆ ಸತ್ತ. ಕದ್ದವನು ಆ ಮನೆಯ ಅಳಿಯನೇ ಎಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಗುಡಾರಕ್ಕೆ ಬಂದು ಯಾರೂ ಹೇಳಲಿಲ್ಲ.

"ಬಲೆ ಆದ್ರೂ ಕೊಡ್ರಿ ಅಂತ ಸ್ಟೇಷನ್ ಮುಂದೆ ಎರಡು ದಿನ ಕುಂತಿದ್ದೆ. ಒಬ್ಬ ಪೊಲೀಸ್ ಬಂದ. ದಪ್ಪ ಮೀಸೆ. ಕುತ್ತಿಗೇಲಿ ಚೈನು, ಅದರಾಗೆ ನಿಮ್ಮದೇ ಗುರುತು." ಸೋನಾಬಾಯಿ ಗೋಡೆಯ ಮೇಲಿನ ಶಿಲುಬೆ ತೋರಿಸಿದಳು. "'ಬಲೆ ಗಿಲೆ ಏನಿಲ್ಲ, ಹೋಗಮ್ಮ' ಅಂದ. ನನ್ ಮುಖ ನೋಡದಂಗೆ ಅಂದ."

ಸುಮಿತ್ರಾ ಕೂರಬೇಕೆಂದು ಹಿಂದಕ್ಕೆ ಕೈ ಚಾಚಿದರೆ ಸಿಕ್ಕಿದ್ದು ತೇಗದ ಬೆಂಚು. ಹಳದಿ ಅಕ್ಷರಗಳು ಅಂಗೈಗೆ ತಾಗಿದವು. ಗೇಟಿನಾಚೆ ಬೀಡಿ ಸೇದುತ್ತ ನಿಂತ ಗಂಡ ಕಣ್ಣಮುಂದೆ ಬಂದ. ಡಿಸೆಂಬರಿಗೊಂದು ಡ್ಯೂಟಿ. ಅಯ್ಯೋ, ಆತನಿಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ಆ ಬಲೆಯನ್ನು ಹೆಂಡತಿಯ ಕೈಗೆ ಕೊಟ್ಟ, ಆಕೆ ಕಲಿಸುವ ಮಕ್ಕಳ ಕೈಗೆ ಕೊಡಿಸಿದ, ಜನ ನಗುವುದನ್ನು ಗೇಟಿನಾಚೆಯಿಂದ ಕೇಳಿಸಿಕೊಂಡ. ಹೊಡೆದವರಲ್ಲಿ ಆತನೂ ಇದ್ದನೇ? ಕೇಳೋಣವೆಂದರೆ ಆತನಿಲ್ಲ. ಈ ಪ್ರಶ್ನೆಯೊಂದನ್ನು ಹೊತ್ತುಕೊಂಡೇ ಇನ್ನು ಬದುಕಬೇಕು ಎಂದು ಆ ಗಳಿಗೆಯಲ್ಲೇ ಆಕೆಗೆ ತಿಳಿದುಹೋಯಿತು.

"ಅವ್ರು ನನ್ ಗಂಡ" ಎಂದಳು.

ಸೋನಾಬಾಯಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಸುಮಿತ್ರಾಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಸುಮಿತ್ರಾಳೇ ಕೇಳಿದಳು. "ನಾನು ಏನ್ ಮಾಡ್ಲಿ? ಬಲೆ ತಗಂಡೋಗ್ರಿ. ಇನ್ನೇನ್ ಬೇಕು ಹೇಳ್ರಿ."

"ಬಲೆ ನಂದೇ, ಅದನ್ನ ನೀವ್ ಕೊಡಾದೇನೈತೆ? ಇವತ್ತು ಅಷ್ಟು ಜನ ನಕ್ಕರಲ್ಲ, ಆ ಜನದ ಮುಂದೆ ಜಗ್ಗು ಕಳ್ಳ ಅಲ್ಲ ಅಂತ ಹೇಳ್ರಿ. ಅಷ್ಟೇ. ಅದು ಹೇಳೋತನ ದುರ್ಗಿನ ಕಳಸಲ್ಲ."

ಮೊಮ್ಮಗಳ ಕೊರಳಿನ ನಾಟಕದ ಮಣಿಸರವನ್ನು ಒಂದೊಂದಾಗಿ ತೆಗೆದು ಟ್ರಂಕಿನೊಳಗೆ ಇಟ್ಟು, ಬಲೆಯನ್ನೂ ಜಗ್ಗುವಿನ ಜೋಳಿಗೆಯನ್ನೂ ಹೆಗಲಿಗೆ ಹಾಕಿಕೊಂಡು ಅವಳು ಹೊರಟುಹೋದಳು.

ಸಂಗತಿ ಚರ್ಚ್ ಕಮಿಟಿಗೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಸೆಕ್ರೆಟರಿ ಕಿರಣ್‌ಕುಮಾರ್ ಒಳ್ಳೆಯ ಮನುಷ್ಯ, ಜೀವರತ್ನನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಹೊಲಿಗೆ ಮಿಷನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಅಕ್ಕ, ಒಂದು ಸೀರೆ, ಒಂದು ಕಂಬಳಿ ಕೊಟ್ಟು ಪ್ರಾರ್ಥನೆ ಮಾಡಿ ಕಳ್ಸಾಣ. ಸತ್ತೋರ ಹೆಸರು ಯಾಕೆ ಬೀದಿಗೆ ತರ್ತೀರಿ? ಅಣ್ಣ ಎಂಥೋರು ಅಂತ ನಮಗೆ ಗೊತ್ತಿಲ್ವಾ?"

"ನಂಗೇ ಗೊತ್ತಿರಲಿಲ್ಲ ಕಿರಣ. ನಿಂಗೆ ಹೆಂಗೆ ಗೊತ್ತಿರ್ತೈತೆ?"

"ಮಕ್ಕಳಿಗೆ ಏನ್ ಹೇಳ್ತೀರಿ?"

"ಅದೇ ನೋಡು" ಎಂದಳು ಆಕೆ. "ಬ್ಯಾರೆ ಏನೂ ಹೇಳಾಕೆ ಬಾಯಿ ಬರ್ತಿಲ್ಲ."

ಹಬ್ಬಕ್ಕೆ ಉಳಿದಿದ್ದ ಆ ಮೂರು ದಿನ ಆಕೆ ಪಟ್ಟ ಪಾಡು ಹೇಳಿ ಮುಗಿಯುವಂಥದ್ದಲ್ಲ. ಕ್ರಿಸ್‌ಮಸ್ ಬಟ್ಟೆ ಹೊಲಿಯುವ ಗಡಿಬಿಡಿಯ ದಿನಗಳು. ಕೈ ತನ್ನ ಪಾಡಿಗೆ ಫ್ರಾಕುಗಳಿಗೆ ಲೇಸು ಹಚ್ಚುತ್ತಿತ್ತು. ಕಣ್ಣೆತ್ತಿದರೆ ಎದುರು ಗೋಡೆಯಲ್ಲಿ ಹಾರ ಹಾಕಿದ ಗಂಡನ ಫೋಟೊ. ಆಕೆಗೆ ಆತನ ಮೇಲೆ ಪ್ರೀತಿ ಇತ್ತು, ಈಗಲೂ ಇತ್ತು, ಅದೇ ದೊಡ್ಡ ಸಂಕಟ. ಫೋಟೊ ತಿರುಗಿಸಿ ಇಟ್ಟಳು. ಸ್ವಲ್ಪ ಹೊತ್ತಿಗೆ ಹೋಗಿ ಮತ್ತೆ ಸರಿಯಾಗಿ ಇಟ್ಟಳು. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ರಿ" ಎಂದು ಅದಕ್ಕೆ ಕೇಳುವಂತೆ ಬೈದಳು.

ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ ಸಾಕ್ಷಿ ಹೇಳುವ ವಾಡಿಕೆ. ವರ್ಷದಲ್ಲಿ ದೇವರು ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಮಗನಿಗೆ ಕೆಲಸ ಸಿಕ್ಕಿತು, ಆಪರೇಷನ್ ಸುಸೂತ್ರವಾಯಿತು, ದೇವರಿಗೆ ಸ್ತೋತ್ರ. ಸೋನಾಬಾಯಿ, ದುರ್ಗಿ ಇಬ್ಬರನ್ನೂ ಸುಮಿತ್ರಾ ತಾನೇ ಗುಡಾರಕ್ಕೆ ಹೋಗಿ ಕರೆದುಕೊಂಡು ಬಂದಿದ್ದಳು. "ಒಳಗ್ ಬರ್ರಿ, ಮುಂದೆ ಕುಂತ್ಕಳ್ರಿ" ಎಂದರೂ ಅವರು ಬಾಗಿಲಲ್ಲೇ ನಿಂತರು. ಅಯ್ಯನವರು "ಸಾಕ್ಷಿ ಇದ್ದವರು ಹೇಳಬಹುದು" ಎಂದ ಕೂಡಲೇ ಆಕೆ ಎದ್ದಳು. ಕಿರಣ್‌ಕುಮಾರ್ ತಲೆ ತಗ್ಗಿಸಿದ.

"ನಂದು ಉಪಕಾರದ ಸಾಕ್ಷಿ ಅಲ್ಲ" ಎಂದಳು. "ಹನ್ನೊಂದು ವರ್ಷದ ಹಿಂದೆ ಜಗ್ಗು ಅನ್ನೋ ಒಬ್ಬ ಮನುಷ್ಯನ್ನ ಮಾಡದ ಕಳ್ಳತನಕ್ಕೆ ಹಿಡ್ಕಂಡೋಗಿ ಹೊಡೆದ್ರು. ಅವ್ರು ಸತ್ರು. ಅವ್ರು ಕಳ್ಳ ಅಲ್ಲ. ಅವ್ರ ಬಲೇನ ಇಲ್ಲ ಅಂತ ಸುಳ್ಳು ಹೇಳಿ ಮನೆಗೆ ತಂದೋರು ನನ್ ಗಂಡ. ಅವ್ರು ಹೊಡೆದ್ರೋ ಇಲ್ವೋ ನಂಗೆ ಗೊತ್ತಿಲ್ಲ, ಹೊಡೀಲಿಲ್ಲ ಅಂತ ನಾನು ಹೇಳಾಕಾಗಲ್ಲ. ಆ ಬಲೇನ ನಿಮ್ ಮಕ್ಕಳ ಹೆಗಲಿಗೆ ಹಾಕಿ ನಕ್ಕು ನಗಿಸಿದೋಳು ನಾನು. ಮಕ್ಕಳ ಮುಖಕ್ಕೆ ಕನ್ನಡಿ ಹಿಡಿದು ಬೆಲೆ ಕಟ್ಟಾಕಾಗಲ್ಲ ಅಂತ ಹೇಳಿಸಿದೋಳೂ ನಾನೇ. ಕದ್ದ ಮಾಲು ಇದ್ದಿದ್ದು ಗುಡಾರದಾಗಲ್ಲ, ನಮ್ ಮನೇಲಿ."

ಸ್ತೋತ್ರ ಎನ್ನಲು ಬಾಯಿ ತೆರೆದ ಅಯ್ಯನವರು ಹಾಗೇ ಮುಚ್ಚಿಕೊಂಡರು. ಶೋಭಾರಾಣಿ ಮಕ್ಕಳಿಬ್ಬರ ಕೈ ಹಿಡಿದು ಎದ್ದು ಹೊರನಡೆದಳು, ಅವಳ ಹಿಂದೆ ಇನ್ನೂ ಎರಡು ಮನೆಯವರು. ಬಾಗಿಲಲ್ಲಿ ಸೋನಾಬಾಯಿ ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅವರೆಲ್ಲ ಹೋದ ಮೇಲೆ ದುರ್ಗಿಯ ಬೆನ್ನಿಗೆ ಕೈಹಚ್ಚಿ ಮೆಲ್ಲನೆ ಒಳಕ್ಕೆ ನೂಕಿದಳು. ಹುಡುಗಿ ನಡುಹಾದಿಯಲ್ಲಿ ನಡೆದು ಬಂದು ಸುಮಿತ್ರಾಳ ಪಕ್ಕ ಕೂತಳು. ಅಜ್ಜಿ ಮಾತ್ರ ಒಳಗೆ ಬರಲಿಲ್ಲ. ಕ್ಷಮಿಸಿದೆ ಎಂದು ಅವಳು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಸುಮಿತ್ರಾ ಕೇಳಲೂ ಇಲ್ಲ.

ಆರಾಧನೆ ಮುಗಿದ ಮೇಲೆ ಶೀಟಿನ ಕೋಣೆಯಲ್ಲಿ ಮಿಠಾಯಿ ಹಂಚಲು ನೋಡಿದರೆ ನಲವತ್ತು ಮಕ್ಕಳಲ್ಲಿ ಉಳಿದವರು ಹದಿನಾಲ್ಕು. ತೇಗದ ಬೆಂಚಿನ ಮೇಲೆ ಯಾರೂ ಕೂರದೆ ಎಲ್ಲರೂ ನೆಲದಲ್ಲಿ ಕೂತಿದ್ದರು. ಸುಮಿತ್ರಾ ತಾನೂ ಅವರ ನಡುವೆ ನೆಲದಲ್ಲಿ ಕೂತಳು. ಮಿಠಾಯಿಯ ಪೊಟ್ಟಣವನ್ನು ಬಿಚ್ಚುತ್ತ, ಕಟ್ಟುತ್ತ ಇದ್ದಳು. ದುರ್ಗಿಯೇ ಕೇಳಿದಳು.

"ಟೀಚರ್, ಮುಂದಿನ ವರ್ಷ ಕಳ್ಳರಿಗೆ ಯಾವ ಬಟ್ಟೆ ಹಾಕ್ಸ್ತೀರಾ?"

ಸುಮಿತ್ರಾ ಮಕ್ಕಳ ಕಡೆ ನೋಡಿದಳು. ಲೇಸಿನ ಫ್ರಾಕು, ಗರಿಗರಿ ಷರ್ಟು, ಎಲ್ಲವೂ ಆ ವಾರ ತನ್ನದೇ ಮಿಷನ್ನಿನಲ್ಲಿ ಹೊಲಿದದ್ದು. ತನ್ನ ಮೈಮೇಲೆ ಹಬ್ಬದ ಬಿಳಿ ಸೀರೆ.

"ಬ್ಯಾರೆ ಬಟ್ಟೆ ಏನೂ ಬ್ಯಾಡ" ಎಂದಳು. "ಇವತ್ತು ನಾವು ಹಾಕ್ಕಂಡು ಬಂದಿದೀವಲ್ಲ, ಇದೇ ಸಾಕು."

ಮಕ್ಕಳು ತಲೆ ಬಗ್ಗಿಸಿ ತಮ್ಮ ತಮ್ಮ ಹೊಸ ಬಟ್ಟೆ ನೋಡಿಕೊಂಡರು. ಯಾರೂ ನಗಲಿಲ್ಲ.